ಎಲೆ ಕಂಡರೆ ಸಾಲದು, ಲೆಕ್ಕವೂ ಕಾಣಬೇಕು: ಟಿವಿಯಲ್ಲಿ ಬ್ಲ್ಯಾಕ್‌ಜ್ಯಾಕ್ ಯಾಕೆ ಸಪ್ಪೆ?

ಬ್ಲ್ಯಾಕ್‌ಜ್ಯಾಕ್ ಎಂಬ ಕ್ಯಾಸಿನೊ ಇಸ್ಪೀಟಾಟ ಆಡುವವನಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅದನ್ನು ಟಿವಿಯಲ್ಲಿ ನೋಡುವವನಿಗೆ ಹತ್ತು ನಿಮಿಷದಲ್ಲಿ ಆಕಳಿಕೆ ಬರುತ್ತದೆ. ಅಮೆರಿಕದ ಚಾನೆಲ್‌ಗಳು ಈ ಆಟವನ್ನು ಪೋಕರ್‌ನ ಹಾಗೆ ಜನಪ್ರಿಯ ಮಾಡಲು ಇಪ್ಪತ್ತು ವರ್ಷದ ಹಿಂದೆಯೇ ಹೊರಟಿದ್ದವು. ಕೆಲವು ವರ್ಷ ಓಡಿಸಿದವು, ಆಮೇಲೆ ಬಿಟ್ಟವು. ಈಗ ಅದೇ ಟೂರ್ನಮೆಂಟುಗಳ ತುಣುಕುಗಳು ಫೋನಿನಲ್ಲಿ ತಿರುಗುತ್ತಿವೆ. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹುಡುಗರೂ ನೋಡುತ್ತಾರೆ. ರೈಲು ಹತ್ತಿ ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಕಂಡು ಬಂದವರೂ ಅವರಲ್ಲಿದ್ದಾರೆ.

ನನ್ನ ಅಕ್ಕನ ಮಗ ಮೊನ್ನೆ ಕೇಳಿದ: "ಮಾವ, ಪೋಕರ್ ಆದರೆ ಆಟ ಗೊತ್ತಿಲ್ಲದಿದ್ದರೂ ನೋಡ್ಲಿಕ್ಕೆ ಆಗ್ತದೆ. ಇದು ಗೊತ್ತಿದ್ದೂ ಬೋರು. ಎಂತಕ್ಕೆ?"

ಪ್ರಶ್ನೆ ಸಣ್ಣದು. ಆದರೆ ಒಂದು ಆಟವನ್ನು ನೋಡುವ ಹಾಗೆ ಮಾಡುವುದು ಯಾವುದು ಎಂಬ ದೊಡ್ಡ ವಿಷಯ ಅದರೊಳಗಿದೆ. ನನ್ನ ಉತ್ತರ ಇಷ್ಟು: ಟಿವಿಯವರು ಎಲೆ ತೋರಿಸಿದರು, ಬೆಟ್ಟಿನ (ಪಣದ) ಲೆಕ್ಕ ತೋರಿಸಲಿಲ್ಲ. ಈ ಆಟದ ಸ್ವಾರಸ್ಯ ಇರುವುದು ಆ ಲೆಕ್ಕದಲ್ಲಿ.

ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಗಳ ಮೊತ್ತ 21 ದಾಟದೆ, ಎಲೆ ಹಂಚುವ ಕ್ಯಾಸಿನೊದ ಡೀಲರ್‌ಗಿಂತ ಜಾಸ್ತಿ ಮಾಡಬೇಕು. ಎಕ್ಕ 1 ಅಥವಾ 11. ರಾಜ, ರಾಣಿ, ಗುಲಾಮ ಎಲ್ಲ 10. ಡೀಲರ್‌ನ ಒಂದು ಎಲೆ ಮೇಲೆ, ಒಂದು ಕವುಚಿ. ಅವನಿಗೆ ಸ್ವಂತ ಬುದ್ಧಿ ಓಡಿಸಲಿಕ್ಕಿಲ್ಲ. 16ರವರೆಗೆ ಎಲೆ ತೆಗೆಯಲೇಬೇಕು, ಸಾಮಾನ್ಯವಾಗಿ 17 ಆದರೆ ನಿಲ್ಲಬೇಕು. ಆಟಗಾರ ಬೇಕಾದರೆ ಬೆಟ್ಟನ್ನು ಡಬಲ್ ಮಾಡಬಹುದು. ಆಗ ಅವನಿಗೆ ಸಿಗುವುದು ಇನ್ನೊಂದೇ ಎಲೆ.

ಆಟಗಾರ ಯಾವಾಗ ಎಲೆ ತೆಗೆಯಬೇಕು, ಯಾವಾಗ ನಿಲ್ಲಬೇಕು ಎಂಬುದು 1956ರಷ್ಟು ಹಿಂದೆಯೇ ತೀರ್ಮಾನವಾಗಿದೆ. ಅಮೆರಿಕದ ಸೇನೆಯಲ್ಲಿದ್ದ ರೋಜರ್ ಬಾಲ್ಡ್ವಿನ್ ಮತ್ತು ಮೂವರು ಗೆಳೆಯರು ಲೆಕ್ಕ ಹಾಕುವ ಮೇಜುಯಂತ್ರಗಳಲ್ಲೇ ಅದನ್ನು ಮಾಡಿ ಪ್ರಕಟಿಸಿದರು. 1962ರಲ್ಲಿ ಗಣಿತದ ಮೇಷ್ಟ್ರು ಎಡ್ವರ್ಡ್ ಥಾರ್ಪ್ ಕಂಪ್ಯೂಟರ್ ಹಿಡಿದು ಅದನ್ನು ಮುಂದಕ್ಕೆ ಒಯ್ದರು. ಹೋದ ಎಲೆಗಳನ್ನು ಎಣಿಸುತ್ತಾ ಆಡಿದರೆ ಕ್ಯಾಸಿನೊವನ್ನೇ ಸೋಲಿಸಬಹುದು ಎಂದು ತೋರಿಸಿದರು. ಯಾವಾಗ ಏನು ಮಾಡಬೇಕೆಂಬ ಆ ಕೋಷ್ಟಕವನ್ನು ಈಗ ಅಮೆರಿಕದ ಕ್ಯಾಸಿನೊಗಳ ಗಿಫ್ಟ್ ಅಂಗಡಿಯಲ್ಲೇ ಜೇಬಿಗೆ ಹಿಡಿಸುವ ಕಾರ್ಡಿನಲ್ಲಿ ಅಚ್ಚು ಮಾಡಿ ಮಾರುತ್ತಾರೆ. ಕೈಯಲ್ಲಿ 16, ಡೀಲರ್ ಎದುರು 10 ಇದ್ದರೆ ಎಲೆ ತೆಗೆ ಅನ್ನುತ್ತದೆ ಕಾರ್ಡು. ತೆಗೆದರೂ ನಿಂತರೂ ಸುಮಾರು ನಾಲ್ಕರಲ್ಲಿ ಮೂರು ಸಲ ಸೋಲೇ. ಕಾರ್ಡಿನ ಪ್ರಕಾರ ಸರಿಯಾಗಿ ಆಡಿದರೆ ಕ್ಯಾಸಿನೊಗೆ ಉಳಿಯುವ ಲಾಭ ನೂರಕ್ಕೆ ಅರ್ಧ ರೂಪಾಯಿಯ ಆಸುಪಾಸು. ಅಂದರೆ ಒಳ್ಳೆಯ ಆಟಗಾರರೆಲ್ಲ ಒಂದೇ ಥರ ಆಡುತ್ತಾರೆ. ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆಯನ್ನು ಯಾರಾದರೂ ಬರೆಯುವುದನ್ನು ಎಷ್ಟು ಹೊತ್ತು ನೋಡುತ್ತೀರಿ?

ಹಿಂದೆ ನಿಂತವನಿಗೆ ಏನು ಸಿಗುತ್ತದೆ?

ಪೋಕರ್ ಕೂಡ ಮೊದಲು ಟಿವಿಯಲ್ಲಿ ಸಪ್ಪೆಯೇ ಆಗಿತ್ತು. ಆಟಗಾರರು ಎಲೆ ಎತ್ತಿ ನೋಡುತ್ತಾರೆ, ಬೆಟ್ಟಿನ ಬಿಲ್ಲೆಗಳಾದ ಚಿಪ್ಸ್ ಮುಂದೆ ತಳ್ಳುತ್ತಾರೆ, ಒಬ್ಬ ಎಲೆ ಎಸೆದು ಹೋಗುತ್ತಾನೆ. ಒಳಗೆ ಏನಿತ್ತು ಅಂತ ನೋಡುವವನಿಗೆ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ಬದಲಿಸಿದ್ದು ಹೆನ್ರಿ ಓರೆನ್‌ಸ್ಟೀನ್. ನಾಜಿಗಳ ಶಿಬಿರದಿಂದ ಬದುಕಿ ಬಂದು ಅಮೆರಿಕದಲ್ಲಿ ಆಟಿಕೆ ಉದ್ಯಮಿಯಾದ ಮನುಷ್ಯ. ಆಟಗಾರನ ಕವುಚಿದ ಎಲೆಯನ್ನು ಮೇಜಿನ ಅಂಚಿನ ಪುಟ್ಟ ಕ್ಯಾಮೆರಾದಿಂದ ವೀಕ್ಷಕರಿಗೆ ಮಾತ್ರ ತೋರಿಸುವ ಉಪಾಯಕ್ಕೆ ಅವರು 1995ರಲ್ಲಿ ಪೇಟೆಂಟ್ ಪಡೆದರು. 1999ರಲ್ಲಿ ಬ್ರಿಟನ್ನಿನ ಚಾನೆಲ್ 4 ಮೇಜಿನಲ್ಲಿ ಗಾಜು ಕೂರಿಸಿ ಕೆಳಗಿನಿಂದ ಎಲೆ ತೋರಿಸಿತು. 2003ರ ಹೊತ್ತಿಗೆ ಅಮೆರಿಕದಲ್ಲೂ ಅದು ಬಂತು, ಪೋಕರ್ ಹುಚ್ಚು ಹಿಡಿಯಿತು.

ಇದರ ಗುಟ್ಟು ನಮ್ಮ ಕಡೆಯವರಿಗೆ ಹೊಸದೇನಲ್ಲ. ಮದುವೆ ಮನೆಯ ರಾತ್ರಿ ಚಾಪೆ ಹಾಸಿ ಇಪ್ಪತ್ತೆಂಟು ಎಂಬ ಎಲೆಯಾಟ ಆಡಲು ಕೂರುತ್ತಾರೆ. ಆಡುವವರು ನಾಲ್ಕು ಜನ, ನೋಡುವವರು ಎಂಟು ಜನ. ಯಾರೂ ಮಧ್ಯದಲ್ಲಿ ನಿಲ್ಲುವುದಿಲ್ಲ. ಒಬ್ಬನ ಹೆಗಲ ಹಿಂದೆಯೇ ಹೋಗಿ ನಿಲ್ಲುತ್ತಾರೆ. ತುರುಪು ಕವುಚಿ ಇಟ್ಟವನ ಹಿಂದೆ ನಿಂತವನಿಗೆ ಉಳಿದ ಮೂವರಿಗೆ ಗೊತ್ತಿಲ್ಲದ್ದು ಗೊತ್ತು. ಎದುರಿನವನು ಗೊತ್ತಿಲ್ಲದೆ ದೊಡ್ಡ ಎಲೆಯಾದ ಗುಲಾಮನನ್ನು ಇಳಿಸುವಾಗ ಇವನಿಗೆ ಒಳಗೇ ನಗು. ಹೇಳುವ ಹಾಗಿಲ್ಲ, ಹೇಳಿದರೆ ಜಗಳ. ಆ ಬಾಯಿ ಕಟ್ಟಿದ ಸ್ಥಿತಿಯೇ ನೋಡುವವನ ಮಜಾ. ಓರೆನ್‌ಸ್ಟೀನ್ ಕೋಟಿಗಟ್ಟಲೆ ಜನರನ್ನು ಒಟ್ಟಿಗೆ ಹೆಗಲ ಹಿಂದೆ ನಿಲ್ಲಿಸಿದರು, ಅಷ್ಟೇ.

ಬ್ಲ್ಯಾಕ್‌ಜ್ಯಾಕ್ ಟೂರ್ನಮೆಂಟಿನಲ್ಲಿ ಆಟಗಾರರ ಎಲೆಗಳೆಲ್ಲ ಮುಖ ಮೇಲಾಗಿಯೇ ಬೀಳುತ್ತವೆ. ಯಾರ ಹಿಂದೆ ನಿಂತರೂ ಕಾಣುವುದು ಒಂದೇ. ಮುಚ್ಚಿರುವುದು ಡೀಲರ್‌ನ ಒಂದು ಎಲೆ ಮಾತ್ರ. ಯುರೋಪಿನ ಕೆಲವು ಪದ್ಧತಿಯಲ್ಲಿ ಅದೂ ಇಲ್ಲ, ಎಲ್ಲರ ಆಟ ಮುಗಿದ ಮೇಲೆಯೇ ಡೀಲರ್ ಎರಡನೇ ಎಲೆ ತೆಗೆಯುತ್ತಾನೆ. ಹೀಗಾಗಿ ಪೋಕರ್‌ನ ಕ್ಯಾಮೆರಾ ಉಪಾಯವನ್ನು ಇಲ್ಲಿಗೆ ತಂದರೆ ಅದಕ್ಕೆ ತೋರಿಸಲು ಹೆಚ್ಚೇನೂ ಇಲ್ಲ. ಸೆಟ್ಟು ಮಿಂಚಿಸಿ, ಸಂಗೀತ ಹಾಕಿ, ಎಲೆಗೆ ಹತ್ತಿರದಿಂದ ಕ್ಯಾಮೆರಾ ಹಿಡಿದು ನೋಡಿದರು. ಕುತೂಹಲ ಬರಲಿಲ್ಲ.

ಕೊನೆಯ ಕೈಯಲ್ಲಿ ನಡೆಯುವುದು

ಟೂರ್ನಮೆಂಟ್ ಬ್ಲ್ಯಾಕ್‌ಜ್ಯಾಕ್ ಕ್ಯಾಸಿನೊ ಬ್ಲ್ಯಾಕ್‌ಜ್ಯಾಕ್‌ನಂತೆ ಕಾಣುತ್ತದೆ, ಆದರೆ ಒಳಗೆ ಬೇರೆಯೇ ಆಟ. ಎಲ್ಲರಿಗೂ ಸಮ ಚಿಪ್ಸ್ ಕೊಡುತ್ತಾರೆ. ಎಷ್ಟು ಕೈ, ಅಂದರೆ ಎಷ್ಟು ಸಲ ಎಲೆ ಹಂಚಿ ಆಡುವುದು, ಎಂಬುದು ಮೊದಲೇ ನಿಶ್ಚಯ. ಕೊನೆಗೆ ಯಾರ ಹತ್ತಿರ ಜಾಸ್ತಿ ಚಿಪ್ಸ್ ಇದೆಯೋ ಅವರು ಮುಂದಿನ ಸುತ್ತಿಗೆ. ಡೀಲರ್‌ನ ಹತ್ತಿರ ಸೋತರೂ ಚಿಂತೆಯಿಲ್ಲ, ಪಕ್ಕದವನು ಇನ್ನೂ ಜಾಸ್ತಿ ಸೋತರೆ ಸಾಕು. ಬೆಟ್ ಇಡುವ ಸರದಿ ಪ್ರತಿ ಕೈಗೂ ಬದಲಾಗುತ್ತದೆ. ಕೊನೆಯಲ್ಲಿ ಇಡುವವನಿಗೆ ಉಳಿದವರ ಬೆಟ್ ನೋಡಿಯೇ ತನ್ನದನ್ನು ನಿರ್ಧರಿಸುವ ಅನುಕೂಲ.

ಲೆಕ್ಕ ಹಾಕಿ ನೋಡೋಣ. ಕೊನೆಯ ಕೈ. ಮುಂದಿರುವವನ ಹತ್ತಿರ 12,000. ಹಿಂದಿರುವವನ ಹತ್ತಿರ 10,000. ಬೆಟ್ ಕನಿಷ್ಠ 500, ಗರಿಷ್ಠ 5,000. ಮುಂದಿರುವವನೇ ಮೊದಲು ಬೆಟ್ ಇಡಬೇಕು. ಹುಮ್ಮಸ್ಸಿನಲ್ಲಿ 5,000 ಇಟ್ಟ ಅಂದುಕೊಳ್ಳಿ. ಹಿಂದಿರುವವ ಜಾಣನಾದರೆ ಬರೀ 500 ಇಡುತ್ತಾನೆ. ಯಾಕೆ? ಮುಂದಿರುವವ ಸೋತರೆ 7,000ಕ್ಕೆ ಇಳಿಯುತ್ತಾನೆ. ಆಗ ಇವನು ಸೋತರೂ 9,500 ಇರುತ್ತದೆ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಒಂದು ಕೈ ಗೆಲ್ಲುವ ಸಂಭವ ಸುಮಾರು 43 ಶೇಕಡಾ, ಸೋಲುವುದು 49, ಸಮ ಆಗುವುದು 8. ಹಾಗಾಗಿ ತಾನು ಗೆಲ್ಲಲಿ ಎಂದು ಕಾಯುವುದಕ್ಕಿಂತ ಎದುರಿನವನು ಸೋಲಲಿ ಎಂದು ಕಾಯುವುದರಲ್ಲೇ ಲಾಭ ಜಾಸ್ತಿ!

ಅದೇ ಮುಂದಿರುವವ 1,000 ಮಾತ್ರ ಇಟ್ಟರೆ? ಸೋತರೂ 11,000 ಉಳಿಯುತ್ತದೆ. ಈಗ ಹಿಂದಿರುವವನಿಗೆ ಬೇರೆ ದಾರಿಯಿಲ್ಲ, ದೊಡ್ಡ ಬೆಟ್ ಇಟ್ಟು ತಾನೇ ಗೆಲ್ಲಬೇಕು. 49 ಇದ್ದದ್ದು 43ಕ್ಕೆ ಇಳಿಯಿತು. ಇನ್ನೂ ಒಂದು ಎಲೆಯೂ ಬಿದ್ದಿಲ್ಲ, ಪಂದ್ಯದ ಅರ್ಧ ಆಗಲೇ ಮುಗಿದಿದೆ. ಟಿವಿಯಲ್ಲಿ ಈ ಹೊತ್ತಿಗೆ ಏನು ತೋರಿಸುತ್ತಿರುತ್ತಾರೆ? ಆಟಗಾರನ ಕಪ್ಪು ಕನ್ನಡಕ.

ಈಗ ಸರದಿ ತಿರುಗಿಸಿ. ಹಿಂದಿರುವವ ಮೊದಲು ಬೆಟ್ ಇಡಬೇಕು. ಅವನು 5,000 ಇಟ್ಟ. ಮುಂದಿರುವವ ಅದನ್ನೇ ನಕಲು ಮಾಡಿ 5,000 ಇಟ್ಟ. ಇಬ್ಬರೂ ಗೆದ್ದರೂ ಇಬ್ಬರೂ ಸೋತರೂ 2,000ದ ಅಂತರ ಹಾಗೇ ಇರುತ್ತದೆ. ಆಟ ಗೊತ್ತಿದ್ದವರು ಸರದಿಯಲ್ಲಿ ಕೊನೆಗೆ ಬರಲು ಯಾಕೆ ಇಷ್ಟಪಡುತ್ತಾರೆ ಅಂತ ಇದರಲ್ಲೇ ತಿಳಿಯುತ್ತದೆ.

ಎಲೆ ಬಿತ್ತು. ಮುಂದಿರುವವನಿಗೆ ರಾಜ ಮತ್ತು ಹತ್ತು, ಒಟ್ಟು 20. ಹಿಂದಿರುವವನಿಗೆ ಗುಲಾಮ ಮತ್ತು ಎಂಟು, ಒಟ್ಟು 18. ಡೀಲರ್ ಎದುರು 6. ಕ್ಯಾಸಿನೊದಲ್ಲಿ 18 ಇಟ್ಟುಕೊಂಡು ಇನ್ನೊಂದು ಎಲೆ ಕೇಳಿದರೆ ಪಕ್ಕದವರು ಎದ್ದು ಬೈಯುತ್ತಾರೆ. ಆದರೆ ಇಲ್ಲಿ ಹಿಂದಿರುವವ ಉಳಿದ 5,000ವನ್ನೂ ಮುಂದೆ ತಳ್ಳಿ ಡಬಲ್ ಅನ್ನುತ್ತಾನೆ. ಆಟ ಗೊತ್ತಿರುವ ವೀಕ್ಷಕನಿಗೂ ಇದು ಹುಚ್ಚಾಗಿ ಕಾಣುತ್ತದೆ.

ಕೂತು ಲೆಕ್ಕ ಮಾಡಿ. ಅವನು 18ಕ್ಕೆ ನಿಂತ ಎನ್ನೋಣ. ಡೀಲರ್ 21 ದಾಟಿದರೆ ಇಬ್ಬರಿಗೂ ಗೆಲುವು, 17,000 ಎದುರು 15,000, ಇವನು ಹೊರಗೆ. ಡೀಲರ್ 17 ಮಾಡಿದರೂ ಅದೇ. 18 ಆದರೆ ಇವನಿಗೆ ಸಮ, ಅವನಿಗೆ ಗೆಲುವು. 19 ಆದರೆ ಇವನಿಗೆ ಸೋಲು. 20 ಆದರೆ ಅವನಿಗೆ ಸಮ, ಇವನಿಗೆ ಸೋಲು. 21 ಆದರೆ ಇಬ್ಬರೂ ಸೋತು 7,000 ಎದುರು 5,000. ಯಾವ ದಾರಿಯಲ್ಲಿ ಹೋದರೂ ಇವನು ಹೊರಗೆ. ನಿಂತರೆ ಗೆಲ್ಲುವ ಸಂಭವ ಸೊನ್ನೆ. ಡಬಲ್ ಮಾಡಿದರೆ ಎಕ್ಕ, ಎರಡು ಅಥವಾ ಮೂರು ಬರಬೇಕು. 13ರಲ್ಲಿ 3. ಆಮೇಲೆ ಡೀಲರ್ ಅದಕ್ಕಿಂತ ಕಡಿಮೆ ಮಾಡಬೇಕು ಅಥವಾ 21 ದಾಟಬೇಕು. ಎರಡೂ ಕೂಡಿಬಂದರೆ 20,000. ಇವನಿಗೂ ಡೀಲರ್‌ಗೂ 21 ಆಗಿ ಸಮ ಆದರೂ 7,000 ಎದುರು 10,000, ಇವನೇ ಮುಂದೆ. ಎಲ್ಲ ಸೇರಿಸಿದರೆ 19 ಶೇಕಡಾದ ಹತ್ತಿರ ಬರುತ್ತದೆ.

ಸೊನ್ನೆಯೋ ಹತ್ತೊಂಬತ್ತೋ? ಇದಕ್ಕಿಂತ ರೋಚಕ ಕ್ಷಣ ಯಾವ ಆಟದಲ್ಲಿದೆ ಹೇಳಿ. ಆದರೆ ವೀಕ್ಷಕನಿಗೆ ಆ ಎರಡು ಸಂಖ್ಯೆ ಎಲೆ ಮಗುಚುವ ಮೊದಲು ಕಾಣಬೇಕು. ಕಾಣದಿದ್ದರೆ ಅವನ ಕಣ್ಣಿಗೆ ಬೀಳುವುದು ಒಬ್ಬ ಪೆದ್ದ 18ಕ್ಕೆ ಎಲೆ ತೆಗೆದು ಸೋತದ್ದು ಮಾತ್ರ. ಕಾಮೆಂಟರಿಯವರು ಕೈ ಮುಗಿದ ಮೇಲೆ ವಿವರಿಸಿದರೆ ಪ್ರಯೋಜನವಿಲ್ಲ, ಕಾತರದ ಹೊತ್ತು ದಾಟಿಹೋಗಿರುತ್ತದೆ.

ಇದನ್ನು ತೋರಿಸುವುದು ಈಗ ಕಷ್ಟವೇನಲ್ಲ. ಚೆಸ್‌ನವರು ಮಾಡಿ ತೋರಿಸಿದ್ದಾರೆ. ಪರದೆಯ ಪಕ್ಕದಲ್ಲಿ ಕಪ್ಪು ಬಿಳಿ ಪಟ್ಟಿ, ಯಾರು ಎಷ್ಟು ಮುಂದಿದ್ದಾರೆ ಅಂತ ಕಂಪ್ಯೂಟರ್ ಪ್ರತಿ ನಡೆಗೂ ಹೇಳುತ್ತದೆ. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ 14ನೇ ಆಟ ನೆನಪಿದೆಯಲ್ಲ? ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟ ಕೂಡಲೇ ಪಟ್ಟಿ ಜಾರಿತು. ಚೆಸ್ ಕಾಯಿ ಮುಟ್ಟದವರೂ ಫೋನಿನ ಎದುರು ಎದ್ದು ನಿಂತರು. ಗುಕೇಶ್ ಅದನ್ನು ಗಮನಿಸುವುದಕ್ಕೂ ಮೊದಲೇ ಅವರಿಗೆ ಗೊತ್ತಾಗಿತ್ತು. ಚೆಸ್‌ನಲ್ಲಿ ಕಂಪ್ಯೂಟರ್ ಹೇಳುವುದು ಅಂದಾಜು. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಉಳಿದ ಎಲೆಗಳು ಗೊತ್ತು, ಡೀಲರ್‌ನ ನಿಯಮ ಗೊತ್ತು, ಹಾಗಾಗಿ ಈ ಲೆಕ್ಕ ಇನ್ನೂ ಖಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಪ್ರತಿ ಆಟಗಾರನ ಹೆಸರಿನ ಪಕ್ಕ ಚಿಪ್ಸ್ ಎಷ್ಟು, ಮುಂದಿನ ಸುತ್ತಿಗೆ ಹೋಗುವ ಸಂಭವ ಎಷ್ಟು, ಸರದಿಯಲ್ಲಿ ಎಷ್ಟನೆಯವನು ಎಂಬ ಮೂರು ಸಂಖ್ಯೆ ಸದಾ ಇದ್ದರೆ ಅರ್ಧ ಕೆಲಸ ಮುಗಿಯಿತು.

ಹಿಂದೆ ಏನೇನು ಮಾಡಿ ನೋಡಿದರು

2004ರಲ್ಲಿ ಅಮೆರಿಕದ ಜಿಎಸ್‌ಎನ್ ಚಾನೆಲ್ ಬ್ಲ್ಯಾಕ್‌ಜ್ಯಾಕ್ ವಿಶ್ವ ಸರಣಿ ಶುರು ಮಾಡಿತು. ಮೊದಲ ವರ್ಷ ಗೆದ್ದದ್ದು ಮೈಕ್ ಅಪಾಂಟೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎಲೆ ಎಣಿಸಿ ಕ್ಯಾಸಿನೊಗಳಿಂದ ಲಕ್ಷಾಂತರ ಡಾಲರ್ ಗೆದ್ದ ಪ್ರಸಿದ್ಧ ತಂಡದಲ್ಲಿದ್ದವರು. ಮುಂದಿನ ವರ್ಷಗಳಲ್ಲಿ ರೋಚಕತೆ ಬೇಕೆಂದು ಪವರ್ ಚಿಪ್ ತಂದರು. ಅದನ್ನು ಕೊಟ್ಟರೆ ಬೇಡದ ಎಲೆ ಬಿಟ್ಟು ಬೇರೆ ಎಲೆ ತೆಗೆಯಬಹುದು. ನನಗೆ ಇದು ಹಿಡಿಸಲಿಲ್ಲ. ಅದೃಷ್ಟಕ್ಕೆ ಇನ್ನೊಂದು ಅವಕಾಶ ಕೊಟ್ಟರೆ ಸದ್ದು ಜಾಸ್ತಿಯಾಗಬಹುದು, ಆಟ ಆಳವಾಗುವುದಿಲ್ಲ.

2006ರಲ್ಲಿ ಸಿಬಿಎಸ್‌ನಲ್ಲಿ ಬಂದ ಅಲ್ಟಿಮೇಟ್ ಬ್ಲ್ಯಾಕ್‌ಜ್ಯಾಕ್ ಟೂರ್ ಜಾಣತನದ್ದು. 1994ರಲ್ಲಿ ಪೋಕರ್ ವಿಶ್ವ ಚಾಂಪಿಯನ್ ಆಗಿದ್ದ ರಸ್ ಹ್ಯಾಮಿಲ್ಟನ್ ರೂಪಿಸಿದ ಪದ್ಧತಿ. ಒಂದು ಸುತ್ತಿಗೆ 30 ಕೈ. 8, 16 ಮತ್ತು 25ನೇ ಕೈ ಮುಗಿದಾಗ ಎಲ್ಲರಿಗಿಂತ ಕಡಿಮೆ ಚಿಪ್ಸ್ ಇದ್ದವನು ಎದ್ದು ಹೋಗಬೇಕು. ಜತೆಗೆ ಪ್ರತಿಯೊಬ್ಬನಿಗೂ ಒಂದೇ ಒಂದು ಗುಪ್ತ ಬೆಟ್. ಚೀಟಿಯಲ್ಲಿ ಮೊತ್ತ ಬರೆದು ಮುಚ್ಚಿಡುವುದು, ಬೇರೆಯವರಿಗೆ ಗೊತ್ತಾಗುವುದಿಲ್ಲ.

ಈ ಎರಡು ಉಪಾಯವೂ ಆಟದ ನಿಜವಾದ ರೋಗಕ್ಕೆ ಮದ್ದು. ಮೊದಲಿನ ರೋಗ: ಇಪ್ಪತ್ತು ಕೈ ಎಲ್ಲರೂ ಕನಿಷ್ಠ ಬೆಟ್ ಇಟ್ಟು ಸುಮ್ನೆ ಕೂರುವುದು, ಕೊನೆಯ ಮೂರು ಕೈಯಲ್ಲಿ ಎಲ್ಲ ನುಗ್ಗುವುದು. ನಡುನಡುವೆ ಎಲಿಮಿನೇಷನ್ ಇಟ್ಟರೆ ಒಂದರ ಬದಲು ನಾಲ್ಕು ಕ್ಲೈಮ್ಯಾಕ್ಸ್. ಎರಡನೆಯದು ಎಲ್ಲವೂ ಬಯಲಾಗಿರುವ ರೋಗ. ಗುಪ್ತ ಬೆಟ್ ಬಂದ ಕೂಡಲೇ ಮುಚ್ಚಿದ್ದು ಒಂದಾದರೂ ಆಯಿತು. ನಾನು ಮೇಲೆ ಹೇಳಿದ ಉದಾಹರಣೆಯಲ್ಲಿ ಕೊನೆಯವನ ಅನುಕೂಲವೇ ಬೆಟ್ ಕಾಣುವುದು ತಾನೆ? ಅದು ಮುಚ್ಚಿಹೋದರೆ ನಕಲು ಮಾಡುವವನು ಏನನ್ನು ನಕಲು ಮಾಡಬೇಕು? 500 ಇರಬಹುದೋ 5,000 ಇರಬಹುದೋ ಎಂದು ಮುಖ ಓದಬೇಕಾಗುತ್ತದೆ. ಪೋಕರ್‌ನ ಹುಸಿ ಧೈರ್ಯ ಇಲ್ಲಿಗೂ ಬಂತು. ಚೀಟಿಯಲ್ಲಿ ಬರೆದದ್ದನ್ನು ವೀಕ್ಷಕರಿಗೆ ಮಾತ್ರ ಕಾಣಿಸಿದರೆ ಅವರೂ ಹೆಗಲ ಹಿಂದೆ ನಿಂತ ಹಾಗೆ ಆಗುತ್ತದೆ. ನನ್ನನ್ನು ಕೇಳಿದರೆ ಒಂದು ಸುತ್ತಿಗೆ ಒಂದು ಗುಪ್ತ ಬೆಟ್ ಸಾಲದು, ಮೂರು ಕೊಡಬೇಕು.

ಟಿವಿಗಾಗಿ ನಿಯಮ ತಿದ್ದುವುದು ಆಟಕ್ಕೆ ಅವಮಾನ ಎನ್ನುವವರಿದ್ದಾರೆ. ಕಾಸರಗೋಡಿನಲ್ಲಿ ಈ ಮಾತು ಹೇಳಿದರೆ ಯಾರೂ ಒಪ್ಪಲಿಕ್ಕಿಲ್ಲ. ನಮ್ಮ ಗದ್ದೆಗಳಲ್ಲಿ, ಶಾಲೆಯ ಮೈದಾನಗಳಲ್ಲಿ ಕಬಡ್ಡಿ ನೋಡಿ ಬೆಳೆದವರು ನಾವು. 2014ರಲ್ಲಿ ಪ್ರೊ ಕಬಡ್ಡಿ ಬಂದಾಗ ರೈಡಿಗೆ 30 ಸೆಕೆಂಡ್ ಗಡಿ ಹಾಕಿದರು. ಎರಡು ರೈಡ್ ಖಾಲಿ ಬಂದರೆ ಮೂರನೆಯದು ಮಾಡು ಇಲ್ಲವೇ ಮಡಿ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಸೇರಿ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಜಾಸ್ತಿ. ಮೊದಲು ಮುಂದಿರುವ ತಂಡ ಖಾಲಿ ರೈಡ್ ಮಾಡಿ ಹೊತ್ತು ಕಳೆಯುತ್ತಿತ್ತು. ಈಗ ಅದಾಗುವುದಿಲ್ಲ. ಕಬಡ್ಡಿ ಕೆಡಲಿಲ್ಲ, ಅದರಲ್ಲಿ ಮೊದಲೇ ಇದ್ದ ಒತ್ತಡ ಹೊರಗೆ ಕಾಣುವ ಹಾಗಾಯಿತು.

ಬ್ಲ್ಯಾಕ್‌ಜ್ಯಾಕ್‌ಗೂ ಇಂಥದ್ದೇ ಬೇಕು. ಬೆಟ್ ಇಡಲು ಗಡಿಯಾರ ಇರಲಿ. ಕನಿಷ್ಠ ಬೆಟ್ ಎಂಟೆಂಟು ಕೈಗೆ ಏರುತ್ತಾ ಹೋಗಲಿ. ಒಬ್ಬನೇ ಸತತ ಮೂರು ಸಲ ಕನಿಷ್ಠ ಬೆಟ್ ಇಟ್ಟರೆ ನಾಲ್ಕನೆಯ ಸಲ ಅದರ ಎರಡರಷ್ಟಾದರೂ ಇಡಬೇಕು ಅಂತ ನಿಯಮ ಬರಲಿ. ಇದು ಯಾರೂ ಮಾಡಿದ್ದಲ್ಲ, ನನ್ನ ತಲೆಯದ್ದು. ಮುಂದಿರುವವನಿಗೆ ತೊಂದರೆ ಕೊಡುತ್ತದೆ, ಅದಕ್ಕೇ ಬೇಕು.

ಡೀಲರ್‌ನ ಕವುಚಿದ ಎಲೆಯನ್ನು ವೀಕ್ಷಕರಿಗೆ ತೋರಿಸಬೇಕೋ ಬೇಡವೋ ಎಂಬುದರಲ್ಲಿ ನನಗೆ ಎರಡು ಮನಸ್ಸು. ತೋರಿಸಿದರೆ, ಡೀಲರ್‌ನ 6ರ ಕೆಳಗೆ 5 ಕೂತಿರುವುದು ನಮಗೆ ಗೊತ್ತು. ಡೀಲರ್ ಈಗ ಬೀಳುತ್ತಾನೆ ಎಂದು 13ಕ್ಕೆ ನಿಂತವನನ್ನು ನೋಡಿ ಅಯ್ಯೋ ಅನ್ನಿಸುತ್ತದೆ. ಆದರೆ ಆ ಎಲೆ ಮಗುಚುವಾಗ ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿಯುವುದೂ ಒಂದು ಮಜಾ, ಅದು ಹೋಗುತ್ತದೆ. ಆರಂಭದ ಕೈಗಳಲ್ಲಿ ತೋರಿಸಿ, ಎಲಿಮಿನೇಷನ್ ಕೈಯಲ್ಲಿ ಮುಚ್ಚಿಡುವುದು ಸರಿ ಅಂತ ಕಾಣುತ್ತದೆ. ಯಾವುದನ್ನು ತೋರಿಸಿದರೂ ಪ್ರಸಾರ ಸ್ವಲ್ಪ ತಡವಾಗಿಯೇ ಹೋಗಬೇಕು. ನೇರ ಹೋದರೆ ಹೊರಗಿನಿಂದ ಯಾರಾದರೂ ಆಟಗಾರನಿಗೆ ಸನ್ನೆ ಮಾಡುತ್ತಾರೆ.

ಟಿಕೆಟ್ ಇಲ್ಲದವನಿಗೆ ಡ್ರಾ

ಗಡಿಯ ಈ ಕಡೆ ಇರುವ ನಮಗೆ ಇನ್ನೊಂದು ಪಾಠ ದಿನಾ ಕಣ್ಣೆದುರೇ ಇದೆ. ಕೇರಳ ಸರಕಾರ 1967ರಲ್ಲಿ ಲಾಟರಿ ಶುರು ಮಾಡಿತು. ಕರ್ನಾಟಕ 2007ರಲ್ಲಿ ನಿಷೇಧಿಸಿತು. ತಲಪಾಡಿ ದಾಟಿ ಟಿಕೆಟ್ ತೆಗೆದುಕೊಂಡು ಹೋಗಲೆಂದೇ ಆ ಕಡೆಯಿಂದ ಬರುವವರಿದ್ದಾರೆ. ಮಧ್ಯಾಹ್ನ ಮೂರಕ್ಕೆ ತಿರುವನಂತಪುರದಿಂದ ಡ್ರಾ ನೇರ ಪ್ರಸಾರ. ಯಂತ್ರ ತಿರುಗುತ್ತದೆ, ಸಂಖ್ಯೆ ನಿಲ್ಲುತ್ತದೆ. ಇದರಷ್ಟು ನೀರಸ ದೃಶ್ಯ ಬೇರೆ ಇಲ್ಲ. ಆದರೂ ಹೋಟೆಲಿನಲ್ಲಿ ಚಹಾ ಆರಿಹೋಗುವವರೆಗೆ ಫೋನು ನೋಡುವವರಿದ್ದಾರೆ. ಜೇಬಿನಲ್ಲಿ ಟಿಕೆಟ್ ಇದೆ, ಅದಕ್ಕೆ. ಟಿಕೆಟ್ ಇಲ್ಲದವನು ಅತ್ತ ತಿರುಗಿಯೂ ನೋಡುವುದಿಲ್ಲ.

ಬ್ಲ್ಯಾಕ್‌ಜ್ಯಾಕ್ ನೋಡುವವನ ಜೇಬಿನಲ್ಲಿ ಏನಿದೆ? ಏನೂ ಇಲ್ಲ. ಹಣ ಇಲ್ಲದೆ ಅವನಿಗೊಂದು ಟಿಕೆಟ್ ಕೊಡುವುದು ಹೇಗೆ ಎಂಬುದೇ ಟಿವಿಯವರ ಮುಂದಿರುವ ಸವಾಲು. ಸುಲಭದ ದಾರಿ, ಅವನನ್ನೇ ನಿರ್ಧಾರಕ್ಕೆ ಎಳೆಯುವುದು. ದೊಡ್ಡ ಬೆಟ್ ಬರುವ ಮೊದಲು ಪರದೆ ಐದು ಸೆಕೆಂಡ್ ನಿಲ್ಲಲಿ. 'ನೀವಾದರೆ ಎಷ್ಟು ಇಡುತ್ತಿದ್ದಿರಿ?' ಎಂದು ಕೇಳಲಿ. ಮೂರು ಆಯ್ಕೆ ಇರಲಿ. ಆಮೇಲೆ ಆಟಗಾರ ಏನು ಮಾಡಿದ, ಲೆಕ್ಕ ಏನು ಹೇಳುತ್ತದೆ ಎರಡನ್ನೂ ತೋರಿಸಲಿ. ಮನೆಯಲ್ಲಿ ನಾಲ್ಕು ಜನ ಕೂತಿದ್ದರೆ ವಾದ ಶುರುವಾಗುತ್ತದೆ. ಒಮ್ಮೆ ತಪ್ಪು ಉತ್ತರ ಹೇಳಿದವನು ಮುಂದಿನ ಕೈ ಬಿಡುವುದಿಲ್ಲ.

ಇಲ್ಲಿ ಹಣದ ಮಾತು ಎತ್ತಲೇಬೇಕು. ನಮ್ಮ ಕಡೆ ಜಾತ್ರೆಯ ಮರೆಯಲ್ಲಿ ಉಲಾಯಿ ಪಿದಾಯಿ ಎಂಬ ಎಲೆಯ ಜೂಜು ಆಡಿ ಮನೆ ಕಳೆದುಕೊಂಡವರ ಕತೆ ಎಲ್ಲರಿಗೂ ಗೊತ್ತು. ಕಾನೂನೂ ಬಿಗಿಯಾಗಿದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ಕೇರಳ 2021ರ ಫೆಬ್ರವರಿಯಲ್ಲಿ ನಿಷೇಧಿಸಿದಾಗ ಹೈಕೋರ್ಟ್ ಅದೇ ವರ್ಷ ಅದನ್ನು ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ನಿಷೇಧ. ಅದರ ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಿದ್ದಾರೆ, ಆ ಮಾತು ಬೇರೆ.

ಹಾಗಾದರೆ ಹಣವಿಲ್ಲದೆ ಬ್ಲ್ಯಾಕ್‌ಜ್ಯಾಕ್ ಸಪ್ಪೆಯಾಗುವುದಿಲ್ಲವೇ? ಕ್ಯಾಸಿನೊ ಆಟ ಆದರೆ ಖಂಡಿತ ಆಗುತ್ತದೆ. ಟೂರ್ನಮೆಂಟಿನ ಚಿಪ್ಸ್ ಮೊದಲಿಂದಲೂ ಹಣವಲ್ಲವಲ್ಲ! ಅದನ್ನು ಕೌಂಟರಿಗೆ ಒಯ್ದು ನಗದು ಮಾಡಲಿಕ್ಕಿಲ್ಲ. 12,000ಕ್ಕೆ ಬೆಲೆ ಬರುವುದು ಪಕ್ಕದವನ ಹತ್ತಿರ 10,000 ಇದೆ ಎಂಬುದರಿಂದ. ಅದು ಸ್ಕೋರು. ಸ್ಕೋರಿನ ಹೋರಾಟಕ್ಕೆ ಪ್ರವೇಶ ಶುಲ್ಕ ಬೇಕಿಲ್ಲ, ನೋಟಿನ ಕಂತೆಯ ಕ್ಲೋಸಪ್ ಬೇಕಿಲ್ಲ. ಆ ಕಂತೆ ತೋರಿಸಿದಾಗಲೇ ಕಾರ್ಯಕ್ರಮ ಕ್ಯಾಸಿನೊದ ಜಾಹೀರಾತಾಗುವುದು. ಶೇಕಡಾ ಪಟ್ಟಿಯಿಂದ ಇನ್ನೊಂದು ಉಪಕಾರವೂ ಇದೆ. ಚೆನ್ನಾಗಿ ಆಡುವವನೂ ಗೆಲ್ಲುವುದು 43, ಸೋಲುವುದು 49 ಎಂದು ದಿನಾ ಕಣ್ಣಿಗೆ ಬಿದ್ದರೆ, ಗೋವಾಕ್ಕೆ ಹೊರಟ ಹುಡುಗನ ಉತ್ಸಾಹ ಸ್ವಲ್ಪ ಇಳಿಯಬಹುದು. ಇಳಿಯದೆಯೂ ಇರಬಹುದು.

ಯಾರ ಮುಖ ನೋಡುವುದು

2003ರಲ್ಲಿ ಪೋಕರ್ ವಿಶ್ವ ಸರಣಿ ಗೆದ್ದದ್ದು ಟೆನೆಸಿಯ ಒಬ್ಬ ಅಕೌಂಟೆಂಟ್, ಕ್ರಿಸ್ ಮನಿಮೇಕರ್. 86 ಡಾಲರ್ ಕೊಟ್ಟು ಆನ್‌ಲೈನ್‌ನಲ್ಲಿ ಅರ್ಹತೆ ಪಡೆದು 25 ಲಕ್ಷ ಡಾಲರ್ ಗೆದ್ದರು. ಆ ವರ್ಷ ಮುಖ್ಯ ಪಂದ್ಯಕ್ಕೆ 839 ಜನ ಬಂದಿದ್ದರು, ಮರುವರ್ಷ 2,576. ಕ್ಯಾಮೆರಾ ಎಷ್ಟು ಮುಖ್ಯವೋ ಆ ಮನುಷ್ಯನೂ ಅಷ್ಟೇ ಮುಖ್ಯ. ಬ್ಲ್ಯಾಕ್‌ಜ್ಯಾಕ್‌ಗೆ ಅಂಥವರು ಸಿಗುವುದು ಕಷ್ಟ, ಅದಕ್ಕೆ ಕಾರಣ ಆಟದೊಳಗೇ ಇದೆ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ನಿಪುಣರೆಂದರೆ ಎಲೆ ಎಣಿಸುವವರು. ಮುಖ ಗುರುತು ಸಿಕ್ಕರೆ ಕ್ಯಾಸಿನೊ ಒಳಗೇ ಬಿಡುವುದಿಲ್ಲ. ಅಡಗಿಕೊಂಡು ಬದುಕುವವರು ಟಿವಿಗೆ ಯಾಕೆ ಬರುತ್ತಾರೆ? ಬಂದವರಲ್ಲಿ ಹೆಚ್ಚಿನವರು ಮುಖದಲ್ಲಿ ಏನೂ ತೋರಿಸದೆ ಆಡಿ ಹೋದರು.

ಹಾಗಾಗಿ ಮುಖದಿಂದ ಸಿಗದ್ದನ್ನು ಮಾತಿನಿಂದ ತೆಗೆಯಬೇಕು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕತೆಯ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯುತ್ತಾನೆ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಂದರೆ ಜನ ಬೆಳಗಿನವರೆಗೆ ಕೂರುತ್ತಿದ್ದರು. ರಾಮನಿಗೆ ಅವನು ಏನು ಕೇಳುತ್ತಾನೆ, ಯಾವ ವಾದ ಹೂಡುತ್ತಾನೆ ಎಂದು ಕೇಳಲಿಕ್ಕೆ. ಬ್ಲ್ಯಾಕ್‌ಜ್ಯಾಕ್ ಆಟಗಾರನ ತಲೆಯೊಳಗೂ ಆ ವಾದ ನಡೆಯುತ್ತಿರುತ್ತದೆ: ಇವನು 5,000 ಇಟ್ಟ, ನಾನು ಕೆಳಗೆ ನಿಲ್ಲಲೋ, ಮೇಲೆ ಹೋಗಲೋ. ದೊಡ್ಡ ಕೈ ಮುಗಿದ ರಾತ್ರಿಯೇ ಆಟಗಾರನನ್ನು ಕೂರಿಸಿ ಆ ನಿಮಿಷ ಏನು ಯೋಚಿಸಿದೆ ಎಂದು ಕೇಳಿ ರೆಕಾರ್ಡ್ ಮಾಡಿದರೆ, ಸಂಕಲನದಲ್ಲಿ ಅದನ್ನು ಬೆಟ್ ಇಡುವ ದೃಶ್ಯದ ಮೇಲೆ ಹಾಕಬಹುದು. 30 ಕೈಯಲ್ಲಿ ಹೀಗೆ ಹಾಕಲು ಯೋಗ್ಯವಾದದ್ದು ಏಳೆಂಟು ಸಿಗಬಹುದು. ಉಳಿದದ್ದನ್ನು ಚಿಪ್ಸಿನ ಏರಿಳಿತ ಮಾತ್ರ ತೋರಿಸಿ ಅರ್ಧ ನಿಮಿಷದಲ್ಲಿ ಓಡಿಸಬೇಕು. ಎಲ್ಲ ಕೈಗೂ ಒಂದೇ ಅಳತೆಯ ಸಮಯ ಕೊಟ್ಟರೆ, ನೋಡುವವನು ಫೋನು ಬದಿಗಿಡುವುದು ಅಲ್ಲೇ.

ಕಾಮೆಂಟರಿಗೆ ಇಬ್ಬರು ಬೇಕು. ಒಬ್ಬ ಲೆಕ್ಕ ಹೇಳುವವನು, ಒಬ್ಬ ಜನರನ್ನು ಓದುವವನು. ಲೆಕ್ಕದವನು ಎಲೆ ಬೀಳುವ ಮೊದಲು ಮಾತು ಮುಗಿಸಬೇಕು, ಆಮೇಲೆ ಬಾಯಿ ಮುಚ್ಚಬೇಕು. ಇನ್ನೊಬ್ಬನನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಮಂಜೇಶ್ವರ, ಉಪ್ಪಳದ ಕಬಡ್ಡಿ ಟೂರ್ನಮೆಂಟುಗಳಲ್ಲಿ ಮೈಕ್ ಹಿಡಿದು ಕನ್ನಡ, ತುಳು, ಮಲಯಾಳ ಮೂರರಲ್ಲೂ ರಾತ್ರಿ ಎರಡು ಗಂಟೆಯವರೆಗೆ ಜನರನ್ನು ಏಳದಂತೆ ಹಿಡಿದಿಡುವವರಿದ್ದಾರೆ. ಅವರಲ್ಲಿ ಒಬ್ಬನಿಗೆ ಆ 18ರ ಡಬಲ್ ಯಾಕೆ ಎಂದು ಒಂದು ಸಂಜೆ ಕೂರಿಸಿ ವಿವರಿಸಿದರೆ ಸಾಕು.